ತಂಗಿಗಾಗಿ ಹಗುರ ಮಾಡಿದ ಗಿಟಾರು

ಚಿಕ್ಕೇರೂರಿನಿಂದ ಬೆಳಗಿನ ಬಸ್ಸಿಗೆ ಬಂದ ತಂಗಿಯ ಗಂಡ, ನನ್ನ ಪಾಲಿಶ್ ಅಂಗಡಿಯ ಕಟ್ಟೆಯ ಮೇಲೆ ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಇಳಿಸಿದ. ಒಳಗೇನಿದೆ ಎಂದು ಕೇಳಬೇಕಾಗಿರಲಿಲ್ಲ. ಕೌದಿಯ ಒಂದು ತುದಿಯಿಂದ ನಾಲ್ಕು ಬಿರಡೆಗಳು ಹೊರಗೆ ಕಾಣುತ್ತಿದ್ದವು.

“ಅಣ್ಣಾರ, ಇದನ್ನ ಹಗೂರ ಮಾಡಾಕ ಬರತೈತೇನು ಕೇಳ್ಕೊಂಡ್ ಬಾ ಅಂದ್ಲು,” ಎಂದ.

“ಬಣ್ಣ ಹೊಡಿಯಾಕ ಅಲ್ಲ?”

“ಬಣ್ಣಾನೂ ಹೊಡೀರಿ. ಆದ್ರ ಮೊದಲ ಹಗೂರ ಆಗಬೇಕಂತ. ನಿನ್ನೆ ತೊಡಿ ಮ್ಯಾಲ ಇಟ್ಕೊಂಡ್ಲು, ಹತ್ತ ನಿಮಿಷಕ್ಕ ಮೈಯೆಲ್ಲ ಬೆವತು ಬಿಟ್ಲು.”

ಅವನು ಚಹಾಕ್ಕೂ ನಿಲ್ಲಲಿಲ್ಲ. ಮನೆಯಲ್ಲಿ ಅವಳೊಬ್ಬಳೇ ಇದ್ದಾಳೆ ಎಂದು ಅದೇ ಬಸ್ಸು ತಿರುಗಿ ಹೊರಡುವಷ್ಟರಲ್ಲಿ ಓಡಿಹೋಗಿ ಹತ್ತಿಕೊಂಡ.

ನಾನು ಅಕ್ಕಿಆಲೂರಿನಲ್ಲಿ ಬಾಗಿಲು, ಮಂಚ, ತೊಟ್ಟಿಲುಗಳಿಗೆ ಪಾಲಿಶ್ ಮಾಡುವವನು. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಸವಣೂರಿನ ಒಂದು ಆರ್ಕೆಸ್ಟ್ರಾಕ್ಕೆ ಕೋರಸ್ ಹಾಡಲು ಹೋದವಳು, ಅಲ್ಲಿನ ಬೇಸ್ ಗಿಟಾರಿನವನು ತಂಡ ಬಿಟ್ಟಾಗ ಅದನ್ನು ಕೈಗೆತ್ತಿಕೊಂಡಳು. ಬೇಸ್ ಎಂದರೆ ನಾಲ್ಕು ದಪ್ಪ ತಂತಿಗಳ ಕರೆಂಟಿನ ಗಿಟಾರು. ಹಾಡಿನ ಕೆಳಗೆ ದುಂ ದುಂ ಎಂದು ನಡೆಯುವ ದನಿ ಅದರದು. ಮದುವೆ, ಗಣಪತಿ, ನಮ್ಮ ಓಣಿಯ ಜಯಂತಿ, ಎಲ್ಲ ಕಡೆ ಅವಳು ವೇದಿಕೆಯ ಎಡಗಡೆ ಸೀರೆಯ ಮೇಲೆ ಆ ಕರಿಯ ಗಿಟಾರು ತೊಟ್ಟು ನಿಲ್ಲುತ್ತಿದ್ದಳು. ಜನ ಮೊದಲು ನಗುತ್ತಿದ್ದರು, ಎರಡನೇ ಹಾಡಿಗೆ ಸುಮ್ಮನಾಗುತ್ತಿದ್ದರು. ಮದುವೆಯಾದ ಮೇಲೂ ಹೋಗುತ್ತಿದ್ದಳು. ಗಂಡ ಒಳ್ಳೆಯವನು, ಬೈಕಿನ ಮೇಲೆ ತಾನೇ ಬಿಟ್ಟು ಬರುತ್ತಿದ್ದ.

ಆ ಚಳಿಗಾಲದಲ್ಲಿ ಅವಳ ಬಲ ಎದೆಯಲ್ಲಿ ಗಂಟು ಸಿಕ್ಕಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಔಷಧ ಏರಿಸಲು ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಒಂದು ಸಣ್ಣ ಡಬ್ಬಿ ಇಟ್ಟರು. ಮೂರು ವಾರಕ್ಕೊಮ್ಮೆ ನಾಲ್ಕು ಸಲ ಒಂದು ಔಷಧ. ಅದು ಮುಗಿದ ಮೇಲೆ ವಾರಕ್ಕೊಮ್ಮೆ ಇನ್ನೊಂದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಗಿಟಾರಿನ ಪಟ್ಟಿ ಕೂರುವುದು ಎಡ ಹೆಗಲ ಮೇಲೆ, ಸರಿಯಾಗಿ ಆ ಡಬ್ಬಿಯ ಮೇಲೆ. ಹಾಗಾಗಿ ನಿಂತು ನುಡಿಸುವ ಮಾತೇ ಇರಲಿಲ್ಲ. ಕೂತು ನುಡಿಸಬೇಕೆಂದರೆ ನಾಲ್ಕೂವರೆ ಕಿಲೋ ತೊಡೆಯ ಮೇಲೆ, ಮೇಲಂಚು ಆಪರೇಷನ್ ಆದ ಕಡೆಯ ತೋಳಿಗೆ ಒತ್ತುತ್ತಿತ್ತು. ಎರಡನೇ ಸಲದ ಔಷಧ ಮುಗಿದ ಮರುವಾರ ಅವಳು ಗಿಟಾರು ಕಳಿಸಿದ್ದಳು.

ಅಂದು ಮಧ್ಯಾಹ್ನ ಫೋನು ಮಾಡಿದಳು.

“ಕೌದಿ ಬಿಚ್ಚಿದೇನಣ್ಣಾ?”

“ಬಿಚ್ಚೇನಿ. ಎಷ್ಟ ಹಾಳ ಮಾಡೀಯವ್ವಾ ಇದನ್ನ.”

“ಹಾಳ ಮಾಡಿಲ್ಲ, ನುಡಿಸೇನಿ,” ಎಂದು ನಕ್ಕಳು. “ಮನ್ಯಾಗ ಕುಂತ ಕುಂತ ತಲಿ ಕೆಟ್ಟೈತಣ್ಣಾ. ಸಾಲಿಗೆ ಹೋಗೋ ಹುಡುಗರಂಗ ದಿನಕ್ಕ ಅರ್ಧ ತಾಸು ನುಡಿಸ್ತೇನಿ, ಅಷ್ಟ. ಲಗೂನ ಮಾಡಿಕೊಡು.”

ಬಿಚ್ಚುವುದರಿಂದ ಶುರು ಮಾಡಿದೆ. ತಂತಿಗಳನ್ನು ಒಮ್ಮೆಲೇ ಕತ್ತರಿಸಬಾರದು, ಬಿಗುವು ಕುತ್ತಿಗೆಯಿಂದ ನಿಧಾನವಾಗಿ ಇಳಿಯಬೇಕು ಎಂದು ಸವಣೂರಿನ ಆರ್ಕೆಸ್ಟ್ರಾದ ಮಾಸ್ತರು ಫೋನಿನಲ್ಲಿ ಹೇಳಿದರು. ಒಂದೊಂದೇ ಬಿರಡೆ ಸಡಿಲಿಸಿದೆ. ಹಿಂದಿನ ನಾಲ್ಕು ತಿರುಪು ತೆಗೆದಾಗ ಕುತ್ತಿಗೆ ಬೇರೆ, ಒಡಲು ಬೇರೆ ಆಯಿತು. ತಂತಿಯ ಅದುರನ್ನು ಹಿಡಿಯುವ ಪಿಕಪ್ಪಿನ ವೈರುಗಳನ್ನು ಎದುರಿನ ಟಿವಿ ರಿಪೇರಿಯವರ ಕಡೆಯಿಂದ ಬಿಡಿಸಿಕೊಂಡು, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿದೆ. ಉಳಿದದ್ದು ಬರಿಯ ಮರದ ಒಡಲು. ಅಂಚಿನಲ್ಲೆಲ್ಲ ಕರಿಬಣ್ಣ ಚಕ್ಕೆ ಎದ್ದಿತ್ತು. ಹಿಂಬದಿಯಲ್ಲಿ ಸೊಂಟದ ಡಾಬು ಉಜ್ಜಿ ಅಂಗೈಯಗಲ ಮರ ಕಾಣುತ್ತಿತ್ತು. ಬಲ ಮುಂಗೈ ಕೂರುವ ಜಾಗ ಬೆವರಿಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪಟ್ಟಿಯ ಗುಂಡಿಯ ತೂತು ಸಡಿಲಾಗಿ, ಅದರೊಳಗೆ ಬೆಂಕಿಕಡ್ಡಿ ತುರುಕಿದ್ದಳು.

ಬಣ್ಣ ತೆಗೆಯುವುದು ಒಂದು ದಿನದ ಕೆಲಸ ಎಂದುಕೊಂಡಿದ್ದೆ. ಬಾಗಿಲುಗಳ ಹಳೆಯ ಬಣ್ಣ ಎಬ್ಬಿಸುವ ರಿಮೂವರ್ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟೆ. ಮರುದಿನ ಬಿಚ್ಚಿ ನೋಡಿದರೆ ಬಣ್ಣ ತೊಳೆದಿಟ್ಟಂತೆ ಇನ್ನಷ್ಟು ಹೊಳೆಯುತ್ತಿತ್ತು. ನಮ್ಮ ಕಡೆ ಮರಕ್ಕೆ ಹೊಡೆಯುವ ಲ್ಯಾಕರ್ ಅದಾಗಿರಲಿಲ್ಲ. ಕಾರ್ಖಾನೆಯಲ್ಲಿ ದಪ್ಪಗೆ ಸುರಿದು ಗಟ್ಟಿ ಮಾಡಿದ ಪಾಲಿಯೆಸ್ಟರ್, ತೆಂಗಿನ ಕರಟದಷ್ಟು ಗಡುಸು. ಕೊನೆಗೆ ಬಿಸಿಗಾಳಿಯ ಗನ್ನು ಹಿಡಿದೆ. ಒಂದೇ ಕಡೆ ನಿಲ್ಲಿಸಿದರೆ ಮರ ಸುಡುತ್ತದೆ, ಬೇಗ ಸರಿಸಿದರೆ ಬಣ್ಣ ಏಳುವುದಿಲ್ಲ. ಬಣ್ಣ ಮೆತ್ತಗಾಗಿ ಸಣ್ಣ ಗುಳ್ಳೆ ಎದ್ದ ಕ್ಷಣದಲ್ಲಿ ಕೆಳಗೆ ಚಪ್ಪಟೆ ಪಟ್ಟಿ ತೂರಿಸಿ ದೂಡಬೇಕು. ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಅಂಗಡಿಯ ಎರಡೂ ಬಾಗಿಲು ತೆರೆದಿಟ್ಟು, ಬೇರೆ ಕೆಲಸದ ನಡುವೆ ಐದು ದಿನ ಅದನ್ನೇ ಮಾಡಿದೆ. ಬಣ್ಣ ಆಮೆಯ ಚಿಪ್ಪಿನಂತೆ ತುಂಡುತುಂಡಾಗಿ ಬಿತ್ತು.

ಕೆಳಗಿನ ಮರ ನೋಡಿ ಕೈ ನಿಂತಿತು. ಮೂರು ಹಲಗೆ ಕೂಡಿಸಿದ ಒಡಲು. ಯಾವ ದೇಶದ ಯಾವ ಮರವೋ ನನಗೆ ತಿಳಿಯಲಿಲ್ಲ. ತಿಳಿಜೇನಿನ ಬಣ್ಣ, ಅದರಲ್ಲಿ ಕಂದು ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸೊಟ್ಟಗೆ ಹರಿದಿದ್ದವು. ಉಪ್ಪುಕಾಗದ ಹಾಕಿ ನುಣುಪು ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ, ಗೆರೆಗಳು ಎದ್ದು ಕಂಡಾಗ ಫೋಟೋ ತೆಗೆದು ಕಳಿಸಿದೆ. ತಕ್ಷಣ ಫೋನು ಬಂತು.

“ಅಣ್ಣಾ! ಇಷ್ಟ ವರ್ಷ ಈ ಕರೀ ಬಣ್ಣದ ಕೆಳಗ ಇದು ಇತ್ತಾ?”

“ಇತ್ತು ನೋಡ.”

“ಹಂಗಾರ ಬಣ್ಣ ಹಚ್ಚಬ್ಯಾಡ. ಹಿಂಗ ಕಾಣಬೇಕು. ನಿನ್ನ ತೊಟ್ಟಲಕ್ಕ ಹಚ್ಚತೀಯಲ್ಲ, ನೀರಿನಂಥಾ ಪಾಲಿಶ್, ಅದನ್ನ ಹಚ್ಚು.”

ಆಗಲಿ ಎಂದೆ. ನನಗೂ ಅದೇ ಆಸೆ ಬಂದಿತ್ತು.

ಹಗುರ ಮಾಡುವ ದಾರಿಯನ್ನು ಕಾಗದದ ಮೇಲೆ ಬರೆದು ನೋಡಿದೆ. ಒಡಲು ನಲವತ್ತನಾಲ್ಕು ಮಿಲಿಮೀಟರ್ ದಪ್ಪ. ಹಿಂಬದಿಯಿಂದ ಆರು ಮಿಲಿಯ ಪದರವನ್ನು ಗರಗಸದಲ್ಲಿ ಸೀಳಿ ತೆಗೆಯುವುದು. ಆಮೇಲೆ ಹಿಂದಿನಿಂದಲೇ ಒಳಗೆ ಮೂವತ್ತು ಮಿಲಿ ಆಳದ ಗುಳಿಗಳನ್ನು ಕೊರೆಯುವುದು. ಕುತ್ತಿಗೆ ಕೂರುವ ಕಡೆಯಿಂದ ತಂತಿ ಕಟ್ಟುವ ಕಡೆಯವರೆಗೆ ನಡುವಿನ ಮರ ಗಟ್ಟಿಯಾಗಿಯೇ ಇರಬೇಕು, ತಂತಿಯ ಎಳೆತ ಹೊರುವುದು ಅದು. ಎರಡೂ ಮಗ್ಗುಲು ಮಾತ್ರ ಟೊಳ್ಳು. ಕೊನೆಗೆ ಹಿಂಬದಿಗೆ ಆರು ಮಿಲಿಯ ಹೆಬ್ಬೇವಿನ ಹಲಗೆ ಅಂಟಿಸಿ ಮುಚ್ಚುವುದು. ಹೆಬ್ಬೇವು ಹಗುರ, ನಮ್ಮ ಭಾಗದಲ್ಲಿ ಬೇಕಾದಷ್ಟು ಸಿಗುತ್ತದೆ. ಎಲ್ಲ ಸೇರಿ ಒಂದು ಕಿಲೋ ಹತ್ತಿರ ಇಳಿಯುತ್ತದೆ ಎಂದು ಅಂದಾಜು.

ಗುಳಿ ಕೊರೆಯುವ ಯಂತ್ರ ನನ್ನಲ್ಲಿರಲಿಲ್ಲ. ಶಿಗ್ಗಾವಿಯಲ್ಲಿ ಪರಿಚಯದ ಬಡಿಗ ಮೇಸ್ತ್ರಿಯೊಬ್ಬರ ಕಾರ್ಖಾನೆಯಲ್ಲಿ ಒಳ್ಳೆಯ ರೂಟರ್ ಇತ್ತು. ತಂಗಿಗೆ ಮೂರನೇ ಸಲದ ಔಷಧ ಏರಿಸುವ ದಿನವೇ ಅಲ್ಲಿಗೆ ಹೋಗುವುದೆಂದು ಮಾಡಿಕೊಂಡೆ. ಬೆಳಿಗ್ಗೆ ತಡಸದ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಬಸ್ಸಿಗೆ ತಂಗಿಯನ್ನೂ ಅವಳ ಗಂಡನನ್ನೂ ಹತ್ತಿಸಿ, ನಾನು ಒಡಲನ್ನು ಚೀಲದಲ್ಲಿ ಹಾಕಿಕೊಂಡು ಶಿಗ್ಗಾವಿಯ ಕಡೆ ತಿರುಗಿದೆ. ಬಸ್ಸಿನ ಕಿಟಕಿಯಿಂದ ಅವಳು ಕೂಗಿ ಹೇಳಿದಳು, “ನಂದೂ ಇವತ್ತ, ಅದರದೂ ಇವತ್ತ. ಇಬ್ಬರಿಗೂ ಚಲೋ ಆಗ್ಲಿ.”

ಮೇಸ್ತ್ರಿ ಎಲ್ಲ ಕೇಳಿ ಒಡಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಆಳ ಎಷ್ಟ ಇಡಲ್ರಿ?”

“ಮೂವತ್ತು ಮಿಲಿ.”

“ಎಲ್ಲಾ ಕಡೆ?”

“ಎಲ್ಲಾ ಕಡೆ. ಮುಂದ ಎಂಟು ಮಿಲಿ ಉಳೀತೈತಿ, ಸಾಕು.”

ಅವರು ಎರಡು ಸಲ ಕೇಳಿದರು. ನಾನು ಎರಡು ಸಲವೂ ಅದನ್ನೇ ಹೇಳಿದೆ. ಕೆಳಮಗ್ಗುಲಿನ ಗುಳಿ ಚೆನ್ನಾಗಿ ಬಂತು. ಮೇಲ್ಮಗ್ಗುಲಿನಲ್ಲಿ ಅರ್ಧ ಮುಗಿದಾಗ ಯಂತ್ರದ ಸದ್ದು ಒಮ್ಮೆಲೇ ತೆಳ್ಳಗಾಯಿತು. ಮೇಸ್ತ್ರಿ ತಕ್ಷಣ ನಿಲ್ಲಿಸಿದರು. ತಿರುಗಿಸಿ ನೋಡಿದರೆ ಮುಂಭಾಗದಲ್ಲಿ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ತೂತು.

ತಪ್ಪು ಏನೆಂದು ಆ ಕ್ಷಣವೇ ಹೊಳೆಯಿತು. ಮುಂಗೈ ಆರಾಮಾಗಿ ಕೂರಲೆಂದು ಮುಂಭಾಗದ ಮೇಲಂಚನ್ನು ಇಳಿಜಾರಾಗಿ ಹೆರೆದಿರುತ್ತಾರೆ. ಅಲ್ಲಿ ಮರ ತೆಳ್ಳಗಿರುತ್ತದೆ. ನಾನು ದಪ್ಪ ಅಳೆದದ್ದು ನಡುವಿನ ಸಪಾಟು ಜಾಗದಲ್ಲಿ. ಆ ಇಳಿಜಾರನ್ನು ಉಪ್ಪುಕಾಗದ ಹಿಡಿದು ಎರಡು ದಿನ ಉಜ್ಜಿದವನು ನಾನೇ, ಅಳತೆ ಕೊಡುವಾಗ ಅದನ್ನು ಮರೆತವನೂ ನಾನೇ.

“ಇರ್ಲಿ ಬಿಡ್ರಿ, ಇದರದ ಮರದ ಚೂರು ಕೂಡಿಸಿದ್ರ ಆತು,” ಎಂದು ಮೇಸ್ತ್ರಿ ಸಮಾಧಾನ ಹೇಳಿದರು. “ಬಿರುಕ ಬಿಡಂಗಿಲ್ಲ. ಸ್ವಲ್ಪ ಕಾಣತೈತಿ, ಅಷ್ಟ.”

ಹಿಂಬದಿಯಿಂದ ಸೀಳಿ ತೆಗೆದ ಹಲಗೆಯಲ್ಲೇ ಒಂದು ಬಿಲ್ಲೆ ಕತ್ತರಿಸಿದರು. ತೂತನ್ನು ದುಂಡಗೆ ಸರಿಪಡಿಸಿ, ಒಳಗಿನಿಂದ ಆಸರೆಗೆ ಇನ್ನೊಂದು ತುಂಡು ಕೊಟ್ಟು, ಬಿಲ್ಲೆಯನ್ನು ಅಂಟಿಸಿ ಬಿಗಿದರು. ಗೆರೆಗಳನ್ನು ಎಷ್ಟು ಹೊಂದಿಸಿದರೂ ಅವು ಬಿಲ್ಲೆಯ ಅಂಚಿನಲ್ಲಿ ಮುರಿದೇ ಇದ್ದವು. ತಿಳಿ ಮರದ ಮೇಲೆ ದುಂಡನೆಯ ಕಲೆ. ಅದೂ ಅವಳ ಕೈ ಕೂರುವ ಜಾಗದಲ್ಲೇ.

ಅಂದು ಸಂಜೆ ಅವಳ ಗಂಡ ಫೋನು ಮಾಡಿ, ಔಷಧ ಏರಿತು, ವಾಂತಿ ಶುರುವಾಗಿದೆ ಎಂದ. ಹಿಂದಿನಿಂದ ಅವಳ ದನಿ ಕೇಳಿಸಿತು: “ಅದರದೇನಾತು ಕೇಳ್ರಿ.” ಚಲೋ ಆತು ಎಂದು ಹೇಳಿದೆ.

ಮುಂದಿನ ದಿನಗಳಲ್ಲಿ ಹೆಬ್ಬೇವಿನ ಹಲಗೆಯನ್ನು ಹಿಂಬದಿಗೆ ಅಂಟಿಸಿ, ಸುತ್ತ ಹದಿನಾಲ್ಕು ಕ್ಲಾಂಪು ಬಿಗಿದು, ಎರಡು ದಿನ ಮುಟ್ಟದೆ ಇಟ್ಟೆ. ಅಂಚು ಸರಿಮಾಡಿ, ಅವಳ ತೋಳಿಗೆ ಒತ್ತಬಾರದೆಂದು ಹಿಂಬದಿಯ ಮೇಲಂಚನ್ನೂ ದುಂಡಗೆ ಹೆರೆದೆ. ಪಟ್ಟಿಯ ಗುಂಡಿಯ ತೂತಿಗೆ ಗಟ್ಟಿ ಕಡ್ಡಿ ಬಡಿದು ಮತ್ತೆ ಕೊರೆದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಮೊದಲಿಗಿಂತ ಒಂಬೈನೂರ ಐವತ್ತು ಗ್ರಾಂ ಇಳಿದಿತ್ತು. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತಿತ್ತು. ಮರದ ಸಣ್ಣ ರಂಧ್ರ ಮುಚ್ಚುವ ಸೀಲರ್ ಎರಡು ಕೋಟು ಹೊಡೆದು, ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದೆ. ಮರ ಚೆನ್ನಾಗಿತ್ತು. ಕಣ್ಣು ಮಾತ್ರ ನೇರ ಆ ಬಿಲ್ಲೆಗೇ ಹೋಗುತ್ತಿತ್ತು.

ನಾಲ್ಕನೇ ಸಲದ ಔಷಧ ಮುಗಿದು ಹತ್ತು ದಿನವಾಗಿತ್ತು. ಹೊಸ ಔಷಧ ಶುರುವಾಗಲು ಇನ್ನೂ ಹನ್ನೊಂದು ದಿನ ಇತ್ತು. ಅಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು. ದನಿ ಹಳೆಯ ದನಿಯಂತಿತ್ತು.

“ಅಣ್ಣಾ, ಇವತ್ತ ಎರಡ ರೊಟ್ಟಿ ತಿಂದೆ. ಅಂಗಳದಾಗ ಅಡ್ಡಾಡಿದೆ. ಈಗ ಮೈಯಾಗ ಶಕ್ತಿ ಐತಿ ನೋಡ. ಗಿಟಾರ ತಗೊಂಡ್ ಬಾ.”

“ಇನ್ನಾ ಆಗಿಲ್ಲವ್ವಾ.”

“ಹಗೂರ ಆಗೇತಿಲ್ಲ?”

“ಆಗೇತಿ.”

“ಮತ್ತ? ಇದ್ದಂಗ ತಗೊಂಡ್ ಬಾ. ಪಾಲಿಶ್ ಆಮ್ಯಾಲ ಮಾಡಿಯಂತ.”

ಒಡಲು ನನ್ನ ಮುಂದೆಯೇ ಇತ್ತು. ಕುತ್ತಿಗೆ ಕೂಡಿಸಿ, ವೈರು ಬೆಸೆದು, ತಂತಿ ಏರಿಸಲು ಒಂದು ದಿನ ಸಾಕಿತ್ತು. ಮರುದಿನ ಮಧ್ಯಾಹ್ನ ಅವಳ ತೊಡೆಯ ಮೇಲೆ ಇರುತ್ತಿತ್ತು. ನಾನು ಬಿಲ್ಲೆಯನ್ನು ನೋಡುತ್ತ ಹೇಳಿದೆ:

“ಪಾಲಿಶ್ ಹಸಿ ಐತಿ. ಮುಟ್ಟಿದ್ರ ಬೆರಳಚ್ಚು ಬೀಳತಾವು. ಎಂಟ ದಿನ ತಡಿ.”

“ಎಂಟ ದಿನಾ?”

“ಎಂಟ ದಿನ. ಹೊಸಾದರಂಗ ಮಾಡಿ ತರ್ತೇನಿ.”

“ಆತು ಬಿಡು. ನಿನ್ನ ಕೆಲಸ ನಿನಗ ಗೊತ್ತು,” ಎಂದು ಅವಳು ಫೋನು ಇಟ್ಟಳು.

ಪಾಲಿಶ್ ಹಸಿ ಇರಲಿಲ್ಲ. ನನ್ನ ಕೈಯಿಂದ ಅಂಥ ಕಲೆ ಬಿದ್ದ ಕೆಲಸ ಹೊರಗೆ ಹೋಗುವುದು ನನಗೆ ಬೇಡವಾಗಿತ್ತು. ಮೂವತ್ತು ವರ್ಷ ಮರ ಉಜ್ಜಿದವನು ಅಳತೆ ತಪ್ಪಿದ ಎಂದು ಬೇರೆ ಯಾರಿಗಲ್ಲದಿದ್ದರೂ ಅವಳಿಗೆ ಗೊತ್ತಾಗಬಾರದಿತ್ತು. ಫೋನು ಇಟ್ಟ ಮೇಲೆ ತೀರ್ಮಾನ ಮಾಡಿದೆ: ಕಪ್ಪು ಬಣ್ಣವನ್ನೇ ಹೊಡೆಯುವುದು. ಕಪ್ಪಿನ ಕೆಳಗೆ ಬಿಲ್ಲೆ ಕಾಣುವುದಿಲ್ಲ. ಮೊದಲೂ ಕಪ್ಪೇ ಇತ್ತಲ್ಲ, ಅವಳು ಹೂಂ ಅನ್ನುತ್ತಾಳೆ ಎಂದುಕೊಂಡೆ.

ಬಣ್ಣಕ್ಕೆ ತಳ ಕೂರಿಸುವ ಸರ್ಫೇಸರ್ ಹೊಡೆದು ನೀರು ಹಾಕಿ ಉಜ್ಜಿದೆ. ಕಪ್ಪು ಲ್ಯಾಕರ್ ಮೂರು ಕೋಟು ಹೊಡೆದೆ. ನಾಲ್ಕನೇ ದಿನಕ್ಕೆ ಕನ್ನಡಿಯಂತೆ ಬಂತು. ಐದನೇ ದಿನ ಬೆಳಿಗ್ಗೆ ನೋಡಿದರೆ ಕನ್ನಡಿಯೊಳಗೆ ದುಂಡನೆಯ ಗೆರೆ ಎದ್ದಿತ್ತು. ಬಿಲ್ಲೆಯ ಸುತ್ತಲಿನ ಸಂದಿಯಲ್ಲಿ ಕೂತಿದ್ದ ಸರ್ಫೇಸರ್ ಒಣಗುತ್ತ ಒಳಕ್ಕೆ ಎಳೆದುಕೊಂಡು, ಬಣ್ಣವೂ ಅದರ ಹಿಂದೆ ಕುಸಿದಿತ್ತು. ಕಾಯದೆ ಅವಸರ ಮಾಡಿದ್ದರ ಫಲ. ಆ ಜಾಗವನ್ನು ಮರದವರೆಗೆ ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಲ್ಯಾಕರಿಗೆ ತೇವದ ಗಾಳಿ ಆಗಿಬರುವುದಿಲ್ಲ. ಹೊಡೆದ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಂಜು ಕೂರುತ್ತದೆ. ನಿಧಾನ ಒಣಗುವ ಥಿನ್ನರ್ ತರಲು ಹಾನಗಲ್ಲಿಗೆ ಹೋದೆ, ಸಿಗಲಿಲ್ಲ. ಹುಬ್ಬಳ್ಳಿಯಿಂದ ತರಿಸಲು ನಾಲ್ಕು ದಿನ ಹೋಯಿತು. ಬಿಸಿಲು ಬಿದ್ದ ತಾಸು ನೋಡಿ ಹೊಡೆದೆ. ಎಂಟು ದಿನ ಎಂದದ್ದು ಇಪ್ಪತ್ತೈದಾಯಿತು, ನಲವತ್ತೈದಾಯಿತು. ತಂಗಿ ಮತ್ತೆ ಕೇಳಲಿಲ್ಲ. ಹೊಸ ಔಷಧ ವಾರವಾರ ಏರುತ್ತಿತ್ತು. ವಾಂತಿ ಕಡಿಮೆ, ಕಾಲು ಮಾತ್ರ ಜೋಮು ಹಿಡಿದಂತೆ ಆಗುತ್ತದಂತೆ ಎಂದು ಅವಳ ಗಂಡ ಹೇಳಿದ. ಕಾಲು ಎಂದದ್ದನ್ನಷ್ಟೇ ನಾನು ಕೇಳಿಸಿಕೊಂಡೆ. ಅದು ಕೈಗೂ ಬರಬಹುದು ಎಂದು ಯೋಚಿಸಲಿಲ್ಲ.

ಕೊನೆಯ ಕೋಟನ್ನು ಎರಡು ಸಾವಿರ ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿ, ಕಾರಿಗೆ ಹಚ್ಚುವ ಪಾಲಿಶಿನಿಂದ ಮೆರುಗು ಕೊಟ್ಟೆ. ಬಿಲ್ಲೆ ಎಲ್ಲಿತ್ತೆಂದು ನನಗೇ ಹುಡುಕಲು ಬರಲಿಲ್ಲ. ಟಿವಿ ರಿಪೇರಿಯವರು ವೈರು ಬೆಸೆದುಕೊಟ್ಟರು. ತಂತಿಗಳನ್ನು ಒತ್ತಲು ಹೆಚ್ಚು ಬಲ ಬೇಡವೆಂದು ಮಾಸ್ತರು ಹೇಳಿದಂತೆ ಆದಷ್ಟು ಕೆಳಗಿಳಿಸಿದೆ. ಅದೇ ಕೌದಿಯಲ್ಲಿ ಸುತ್ತಿಕೊಂಡು ಚಿಕ್ಕೇರೂರಿಗೆ ಹೋದೆ.

ಅವಳು ಪಡಸಾಲೆಯಲ್ಲಿ, ಬುದ್ಧನ ಫೋಟೋದ ಕೆಳಗಿನ ಮಂಚದ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದಳು. ತಲೆಗೆ ಹತ್ತಿಯ ವಸ್ತ್ರ ಕಟ್ಟಿದ್ದಳು. ಮುಖ ಊದಿತ್ತು. ನಾನು ಕೌದಿ ಬಿಚ್ಚಿದೆ. ಅವಳು ನೋಡಿದಳು.

“ಕರೇದ ಮಾಡಿದಿ?”

“ಹೂಂ. ಮೊದಲಿನಂಗ.”

“ಆ ಗೆರಿ ಚಂದ ಇದ್ವಲ್ಲಣ್ಣಾ.”

ನಾನು ಗಿಟಾರನ್ನು ಅವಳ ತೊಡೆಯ ಮೇಲಿಟ್ಟೆ. ಅವಳ ಮುಖ ಒಂದು ಕ್ಷಣ ಅರಳಿತು. “ಅಯ್ಯ, ಎಷ್ಟ ಹಗೂರ ಐತಿ!” ಎಂದು ಗಂಡನ ಕಡೆ ತಿರುಗಿ ನಕ್ಕಳು. ಅವನು ಸ್ಪೀಕರಿನ ಡಬ್ಬಿಯ ವೈರು ಜೋಡಿಸಿ ಸ್ವಿಚ್ಚು ಹಾಕಿದ.

ಅವಳು ಎಡಗೈಯನ್ನು ಕುತ್ತಿಗೆಯ ಮೇಲಿಟ್ಟಳು. ಬಲಗೈಯಿಂದ ಮೀಟಿದಳು. ಬಂದದ್ದು ಸ್ವರವಲ್ಲ, ತಂತಿ ಅರ್ಧ ಒತ್ತಿದಾಗ ಬರುವ ಠಪ್ಪೆಂಬ ಸದ್ದು. ಬೆರಳು ಸರಿಸಿ ಮತ್ತೆ ಮೀಟಿದಳು. ಅದೇ ಸದ್ದು. ಅವಳು ಬಾಗಿ ಎಡಗೈಯ ಬೆರಳುಗಳನ್ನು ನೋಡಿದಳು. ಹದಿನೆಂಟು ವರ್ಷ ಆ ಕೈಯನ್ನು ನೋಡದೆ, ಎದುರಿನ ಜನರನ್ನು ನೋಡುತ್ತ ನುಡಿಸಿದವಳು. ಕಣ್ಣಿನಿಂದ ನೋಡಿ ಬೆರಳನ್ನು ತಂತಿಯ ಮೇಲೆ ಕೂರಿಸಿದಳು, ಬಲವಾಗಿ ಒತ್ತಿದಳು, ಮೀಟಿದಳು. ಒಂದು ಸ್ವರ ಬಂತು. ಮುಂದಿನದಕ್ಕೆ ಹೋಗುವಷ್ಟರಲ್ಲಿ ಬೆರಳು ಎರಡು ತಂತಿಯ ನಡುವೆ ಜಾರಿತು.

“ಏನಾತವ್ವಾ?”

“ತಂತಿ ಗೊತ್ತಾಗವಲ್ದಣ್ಣಾ.” ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿದಳು. “ಮೂರು ವಾರ ಆತು. ಅರಿವಿ ಸುತ್ತಿದಂಗ ಆಗೇತಿ. ನಿನ್ನೆ ಬಿಸಿ ತಾಟು ಹಿಡಿದ್ರೂ ಗೊತ್ತಾಗ್ಲಿಲ್ಲ. ತಂತಿ ದಪ್ಪ ಐತಲ್ಲ, ಇದಾರ ತಿಳೀಬಹುದು ಅನ್ಕೊಂಡಿದ್ದೆ.”

“ಡಾಕ್ಟರಿಗೆ ಹೇಳೀರೇನು?”

“ಹೇಳೇನಿ. ಕೆಲವರಿಗೆ ಹಿಂದಿಂದ ಸರಿ ಹೋಕ್ಕೈತಂತ. ಕೆಲವರಿಗೆ ಹಂಗ ಉಳೀತೈತಂತ.”

ಅವಳ ಗಂಡ ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದ. ನಾನು ಆಗ ಹೇಳಿದೆ. ಅಳತೆ ತಪ್ಪಿದ್ದು, ತೂತು ಬಿದ್ದದ್ದು, ಬಿಲ್ಲೆ ಕೂಡಿಸಿದ್ದು, ಅವಳು ಫೋನು ಮಾಡಿದ ದಿನ ಪಾಲಿಶ್ ಹಸಿ ಇರಲಿಲ್ಲವೆಂಬುದು, ಎಲ್ಲವನ್ನೂ. ಹೇಳದಿದ್ದರೂ ನಡೆಯುತ್ತಿತ್ತೇನೋ. ಆದರೆ ಅವಳ ಬೆರಳುಗಳನ್ನು ನೋಡುತ್ತ ನನಗೆ ಸುಮ್ಮನಿರಲು ಆಗಲಿಲ್ಲ.

“ಎಲ್ಲೈತಿ ತೋರಿಸು,” ಎಂದಳು.

ಮುಂಗೈ ಕೂರುವ ಜಾಗವನ್ನು ತೋರಿಸಿದೆ. ಕಪ್ಪು ಹೊಳಪಿನಲ್ಲಿ ಅವಳ ಮುಖ ಕಂಡಿತೇ ಹೊರತು ಬೇರೇನೂ ಕಾಣಲಿಲ್ಲ.

“ಇಷ್ಟ ಸಣ್ಣ ತೂತು ಮುಚ್ಚಾಕ ಇಷ್ಟ ದಿನಾ ಹಚ್ಚಿದೇನಣ್ಣಾ?”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. ಆಮೇಲೆ ಹೇಳಿದಳು, “ಆವತ್ತ ತಂದಿದ್ರ ನುಡಿಸ್ತಿದ್ದೆ. ಆವಾಗ ಬೆರಳು ಚಲೋ ಇದ್ವು.”

ನಾನು ತಲೆ ಎತ್ತಲಿಲ್ಲ. ಅವಳು ನನ್ನ ಕೈ ಹಿಡಿದು ಎಳೆದಳು.

“ಅಳಬ್ಯಾಡ. ಇಲ್ಲಿ ಬಂದ ಕುಂದರು. ನೀ ಒತ್ತು, ನಾ ಮೀಟ್ತೇನಿ.”

ಮಂಚದ ಮೇಲೆ ಅವಳ ಎಡಕ್ಕೆ ಕೂತೆ. ನನಗೆ ಸ್ವರದ ಗಂಧವೂ ಇಲ್ಲ. ಕುತ್ತಿಗೆಯ ಅಡ್ಡಗೆರೆಗಳ ನಡುವಿನ ಮನೆಗಳನ್ನು ಎಣಿಸಿ ಅವಳು ಹೇಳುತ್ತ ಹೋದಳು: ಮ್ಯಾಲಿನ ತಂತಿ, ಮೂರನೇ ಮನಿ, ಈಗ ಅದರ ಕೆಳಗಿಂದು, ಐದನೇ ಮನಿ, ಬಿಡು, ಮತ್ತ ಮೂರನೇದು. ನಾನು ಒತ್ತಿದೆ, ಅವಳು ಹೆಬ್ಬೆರಳಿನಿಂದ ಮೀಟಿದಳು. ಸ್ವರ ಒಂದರ ಹಿಂದೆ ಒಂದು ತಡವರಿಸುತ್ತ ಬಂದವು. ಯಾವ ಹಾಡೆಂದು ನನಗೆ ತಿಳಿಯಲಿಲ್ಲ, ನಾನೂ ಕೇಳಲಿಲ್ಲ. ಗಂಡ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಒಂದೆರಡು ಸಲ ಅವಳು ಕಣ್ಣು ಮುಚ್ಚಿ ತಲೆ ತೂಗಿದಳು. ನನ್ನ ಬೆರಳು ತಪ್ಪಿದಾಗ ಕಣ್ಣು ತೆರೆದಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ.

“ಸಾಕಣ್ಣಾ. ಕೈ ನೋಯಾಕತ್ತೈತಿ,” ಎಂದಳು.

ಆಮೇಲೆ ಅವಳು ಗಿಟಾರು ಕೇಳಲಿಲ್ಲ. ಔಷಧ ಮುಗಿದು ಕೂದಲು ಬಂತು, ಮುಖ ಇಳಿಯಿತು, ಹೊಲಿಗೆ ಯಂತ್ರದ ಮುಂದೆ ಕೂರಲು ಶುರು ಮಾಡಿದಳು. ಸೂಜಿಗೆ ದಾರ ಪೋಣಿಸಲು ಮಾತ್ರ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಬೆರಳುಗಳು ತಿರುಗಿ ಬರಲಿಲ್ಲ. ಮರುವರ್ಷ ಬೇಸಿಗೆಯ ಹೊತ್ತಿಗೆ ಕಾಯಿಲೆ ಎಲುಬಿಗೆ ಇಳಿದಿದೆ ಎಂದು ಗೊತ್ತಾಯಿತು. ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು. ಚಿಕ್ಕೇರೂರಿನಲ್ಲೇ ಮಣ್ಣು ಮಾಡಿದೆವು. ಸವಣೂರಿನ ಮಾಸ್ತರು, ತಂಡದವರೆಲ್ಲ ಬಂದಿದ್ದರು.

ಎರಡು ತಿಂಗಳ ಮೇಲೆ ಅವಳ ಗಂಡ ಮತ್ತೆ ಬೆಳಗಿನ ಬಸ್ಸಿಗೆ ಬಂದು ಗಿಟಾರನ್ನು ಕಟ್ಟೆಯ ಮೇಲೆ ಇಳಿಸಿದ. ಮಾಸ್ತರರ ತಂಡಕ್ಕೆ ಹೊಸ ಬೇಸಿನವರು ಬಂದಿದ್ದಾರಂತೆ, ಅವರ ಹತ್ತಿರ ಒಳ್ಳೆಯ ಗಿಟಾರಿಲ್ಲವಂತೆ.

“ಕೊಟ್ಟುಬಿಡ್ರಿ ಅಣ್ಣಾರ. ಮನ್ಯಾಗ ನೋಡಾಕ ಆಗವಲ್ದು,” ಎಂದ. ಈ ಸಲ ಚಹಾ ಕುಡಿದ. ಬಸ್ಸಿಗೆ ಅವಸರವಿರಲಿಲ್ಲ.

ಮಾಸ್ತರರಿಗೆ ಫೋನು ಮಾಡಿದೆ. “ಇವತ್ತ ಬರಲ್ರಿ ಒಯ್ಯಾಕ?” ಎಂದರು.

“ಸ್ವಲ್ಪ ಕೆಲಸ ಐತ್ರಿ ಇದರಾಗ. ಆಗಿಂದ ಹೇಳ್ತೇನಿ,” ಎಂದೆ.

ಮತ್ತೆ ಒಂದೊಂದೇ ಬಿರಡೆ ಸಡಿಲಿಸಿ, ಕುತ್ತಿಗೆ ಬಿಚ್ಚಿ, ವೈರು ಬಿಡಿಸಿದೆ. ನಾನು ಹೊಡೆದ ಕಪ್ಪು ಲ್ಯಾಕರ್ ಕಾರ್ಖಾನೆಯ ಬಣ್ಣದಂತೆ ಗಡುಸಾಗಿರಲಿಲ್ಲ. ಥಿನ್ನರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಬಿಟ್ಟು ತೆಗೆದಾಗ ಮೆತ್ತಗಾಗಿ ಕೈಗೆ ಬಂತು. ಅದರ ಕೆಳಗಿನ ಸರ್ಫೇಸರೂ ಹೋಯಿತು. ಉಜ್ಜಿದಾಗ ಕಂದು ಗೆರೆಗಳು ಹೊರಬಂದವು. ಮುಂಗೈ ಕೂರುವ ಜಾಗದಲ್ಲಿ ದುಂಡನೆಯ ಬಿಲ್ಲೆಯೂ ಬಂತು. ಅದರ ಅಂಚಿನ ಪುಟ್ಟಿಯನ್ನು ಚೂಪು ಚಾಕಿನಿಂದ ಕೆರೆದೆ. ಮಳೆ ಬಿಡುವು ಕೊಟ್ಟಿತ್ತು. ಸೀಲರ್ ಎರಡು ಕೋಟು, ಅದರ ಮೇಲೆ ತೊಟ್ಟಿಲಿಗೆ ಹಚ್ಚುವ ತಿಳಿ ಪಾಲಿಶ್ ತೆಳ್ಳಗೆ ಎರಡು ಕೋಟು. ಅವಳು ಕೇಳಿದ್ದು ಅಷ್ಟೇ. ಒಣಗಿದ ಮೇಲೆ ಎಲ್ಲ ಕೂಡಿಸಿ, ತಂತಿ ಏರಿಸಿ, ಮಾಸ್ತರರಿಗೆ ಬರಲು ಹೇಳಿದೆ.

ಬಿಚ್ಚಿದ ದಿನವನ್ನೂ ಸೇರಿಸಿ ನಾಲ್ಕು ದಿನ ಹಿಡಿಯಿತು.